ನಲವತ್ತಮೂರಕ್ಕೆ ರಾಜ್ಯಶಾಸ್ತ್ರ ಪದವಿ ಓದಲು ಕೂತಾಗ

ಮೊದಲ ಅಸೈನ್‌ಮೆಂಟ್ ವಾಪಸ್ ಬಂದಾಗ ಮೂರನೇ ಪುಟದ ಅಂಚಿನಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಇದು ನಿಮ್ಮ ಅಭಿಪ್ರಾಯ. ವಾದ ಎಲ್ಲಿದೆ?' ನನಗೆ ಆಗ ನಲವತ್ತಮೂರು. ಇಪ್ಪತ್ತು ವರ್ಷದಿಂದ ದಿನಾ ಪತ್ರಿಕೆ ಓದಿದವಳು, ಒಂದು ಚುನಾವಣೆಯನ್ನೂ ತಪ್ಪಿಸದೆ ಮತ ಹಾಕಿದವಳು. ರಾಜಕೀಯ ನನಗೆ ಗೊತ್ತು ಅಂದುಕೊಂಡೇ ಈ ವಿಷಯ ತೆಗೆದುಕೊಂಡಿದ್ದೆ. ಆ ಸಾಲು ತುಂಬಾ ನೋಯಿಸಿತು. ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಆಮೇಲೆ ಕೂತು ಆ ಪುಟವನ್ನು ಮತ್ತೆ ಓದಿದೆ. ಸರ್ಕಾರ, ಪ್ರಭುತ್ವ, ರಾಷ್ಟ್ರ ಮೂರನ್ನೂ ಒಂದೇ ಅರ್ಥದಲ್ಲಿ ಬಳಸಿದ್ದೆ. 'ಜನರ ಇಚ್ಛೆ' ಅನ್ನೋ ಮಾತು ಆ ಒಂದೇ ಪುಟದಲ್ಲಿ ನಾಲ್ಕು ಸಲ ಬಂದಿತ್ತು, ಒಂದು ಸಲವೂ ವಿವರಣೆ ಇರಲಿಲ್ಲ. ಅವರು ಕೇಳಿದ್ದು ಸರಿಯಾಗೇ ಇತ್ತು.

ವಯಸ್ಸಾದ ಮೇಲೆ ಓದೋಕೆ ಕೂತರೆ ನೆನಪು ನಿಲ್ಲಲ್ಲ, ಸಮಯ ಸಿಗಲ್ಲ ಅಂತಾರೆ. ಸಮಯದ ಮಾತು ನಿಜ. ಬೆಳಗ್ಗೆ ಐದರಿಂದ ಆರೂಕಾಲು, ಅಷ್ಟೇ ನನ್ನ ಪಾಲಿನದು. ಆದರೆ ಜಾಸ್ತಿ ಅಡ್ಡ ಬಂದದ್ದು ನನ್ನೊಳಗೆ ಮೊದಲೇ ಗಟ್ಟಿಯಾಗಿ ಕೂತಿದ್ದ ಅನಿಸಿಕೆಗಳು. ಹದಿನೆಂಟರ ಹುಡುಗರಿಗೆ ಈ ತೊಂದರೆ ಅಷ್ಟಿಲ್ಲ ಅನಿಸುತ್ತದೆ. ನಾನು ಪ್ರತಿ ಪುಟದಲ್ಲೂ ಒಪ್ಪುತ್ತಿದ್ದೆ, ಇಲ್ಲಾ ಜಗಳಕ್ಕೆ ನಿಲ್ಲುತ್ತಿದ್ದೆ. ಓದುತ್ತಲೇ ಇರಲಿಲ್ಲ.

ಅದಕ್ಕೆ ನೋಟ್ ಪುಸ್ತಕದ ಪ್ರತಿ ಹಾಳೆಯ ನಡುವೆ ಒಂದು ಗೆರೆ ಎಳೆದೆ. ಎಡಕ್ಕೆ ಬರೆದವರ ಮಾತು ಮತ್ತು ಅದಕ್ಕೆ ಅವರು ಕೊಟ್ಟ ಕಾರಣ. ಬಲಕ್ಕೆ ನನಗೆ ಅನಿಸಿದ್ದು. ಎಡಭಾಗ ಮುಗಿಯದೆ ಬಲಕ್ಕೆ ಪೆನ್ನು ಇಡಬಾರದು ಅಂತ ನನಗೆ ನಾನೇ ಕಟ್ಟು ಹಾಕಿಕೊಂಡೆ.

ಅರಿಸ್ಟಾಟಲ್ ಬಂದಾಗಲೇ ಇದರ ಬೆಲೆ ಗೊತ್ತಾಯಿತು. ಆಳುವವರು ಒಬ್ಬರೋ, ಕೆಲವರೋ, ಬಹಳ ಜನರೋ. ಎಲ್ಲರ ಒಳಿತಿಗೆ ಆಳುತ್ತಾರೋ, ತಮ್ಮ ಲಾಭಕ್ಕೋ. ಹೀಗೆ ನೋಡಿ ಆತ ಆರು ಬಗೆಯ ಆಡಳಿತ ಹೇಳುತ್ತಾನೆ. ಪ್ರಜಾಪ್ರಭುತ್ವವನ್ನು ಕೆಟ್ಟುಹೋದ ಬಗೆಗಳ ಸಾಲಿಗೆ ಸೇರಿಸಿದ್ದಾನೆ! ನನಗೆ ರೇಗಿತು. ಆದರೆ ಎಡಭಾಗ ಇನ್ನೂ ಮುಗಿದಿರಲಿಲ್ಲ ಅಲ್ವಾ, ಮುಂದೆ ಓದಿದೆ. ಆ ಪದದಿಂದ ಆತ ಹೇಳುತ್ತಿದ್ದದ್ದು ಬಡವರು ಬರೀ ತಮ್ಮ ಲಾಭಕ್ಕಾಗಿ ಆಳುವ ಸ್ಥಿತಿ. ಬಹಳ ಜನ ಸೇರಿ ಎಲ್ಲರ ಒಳಿತಿಗೆ ಆಳುವುದಕ್ಕೆ 'ಪಾಲಿಟಿ' ಅಂತ ಬೇರೆಯೇ ಹೆಸರಿಟ್ಟಿದ್ದ. ಆತನ ಪದಕ್ಕೆ ನಮ್ಮ ಕಾಲದ ಅರ್ಥ ಹಚ್ಚಿ ನಾನು ಸುಮ್ನೆ ಸಿಟ್ಟಾಗಿದ್ದೆ.

ಇಂಗ್ಲೆಂಡಿನ ಚಿಂತಕ ಥಾಮಸ್ ಹಾಬ್ಸ್ ಮಾತ್ರ ಮೂರು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಎಲ್ಲರೂ ತಮ್ಮ ಅಧಿಕಾರವನ್ನು ಒಬ್ಬ ಸಾರ್ವಭೌಮನ ಕೈಗೆ ಯಾಕೆ ಒಪ್ಪಿಸಬೇಕು? ಕೊನೆಗೆ ಪಠ್ಯ ಮುಚ್ಚಿಟ್ಟು ಇಂಗ್ಲೆಂಡಿನ ಇತಿಹಾಸ ತೆಗೆದೆ. 1642ರಲ್ಲಿ ಅಂತರ್ಯುದ್ಧ ಶುರು. 1649ರಲ್ಲಿ ರಾಜನ ತಲೆ ಕಡಿದರು. ಹಾಬ್ಸ್ ಆಗ ದೇಶ ಬಿಟ್ಟು ಪ್ಯಾರಿಸ್‌ನಲ್ಲಿ ಇದ್ದು ಬರೆಯುತ್ತಿದ್ದ. ನಾನು ಓದುತ್ತಿದ್ದ ಆತನ ಪುಸ್ತಕ 'ಲೆವಿಯಾಥನ್' ಹೊರಬಂದದ್ದು 1651ರಲ್ಲಿ, ಆತನಿಗೆ ಅರವತ್ತಮೂರು ವರ್ಷ. ಅಣ್ಣತಮ್ಮಂದಿರೇ ಕಾದಾಡುವುದನ್ನು ಕಂಡ ಮನುಷ್ಯನಿಗೆ ಅರಾಜಕತೆಗಿಂತ ದೊಡ್ಡ ಭಯ ಇನ್ನೇನಿದ್ದೀತು? ಆ ಬೆಳಗ್ಗೆ ಅದೇ ಅಧ್ಯಾಯ ಸರಾಗವಾಗಿ ಓದಿಕೊಂಡು ಹೋಯಿತು. ಅಲ್ಲಿಂದ ಮುಂದೆ ಯಾವ ಚಿಂತಕರೇ ಬರಲಿ, ಹಾಳೆಯ ತಲೆಯ ಮೇಲೆ ವರ್ಷ ಹಾಕಿ, ಆಗ ಏನು ನಡೆಯುತ್ತಿತ್ತು ಅಂತ ಒಂದು ಸಾಲು ಬರೆದೇ ಶುರು ಮಾಡುತ್ತಿದ್ದೆ. ಸರ್ಕಾರ, ಪ್ರಭುತ್ವ ಅನ್ನೋ ಪದಗಳ ಗೊಂದಲ ಬಿಡಿಸಿದವನು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್. ಒಂದು ಗಡಿಯೊಳಗೆ ನ್ಯಾಯಸಮ್ಮತವಾಗಿ ಬಲ ಬಳಸುವ ಹಕ್ಕು ತನಗೊಬ್ಬನಿಗೇ ಇದೆ ಅಂತ ಸಾಧಿಸಿಕೊಂಡದ್ದೇ ಪ್ರಭುತ್ವ ಅಂದ, 1919ರ ಒಂದು ಉಪನ್ಯಾಸದಲ್ಲಿ. ಸರ್ಕಾರ ಬರುತ್ತದೆ, ಹೋಗುತ್ತದೆ. ಆ ಹಕ್ಕು ಉಳಿಯುತ್ತದೆ.

ಸಂಶೋಧನಾ ವಿಧಾನದ ಪತ್ರಿಕೆ ಹೇಗೋ ದಾಟಿತು. ಚುನಾವಣಾ ಪದ್ಧತಿಗಳ ಪಾಠ ಮಾತ್ರ ಮನಸ್ಸಿನಲ್ಲೇ ಉಳಿದಿದೆ. 1785ರಲ್ಲಿ ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ ತೋರಿಸಿದ ಒಂದು ಲೆಕ್ಕ ಅದು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಚೀಟಿ ಹರಿದೆ, ಮೂವರು ಮತದಾರರು. ಅಭ್ಯರ್ಥಿಗಳು ಕ, ಗ, ಚ. ಮೊದಲನೆಯವರ ಆಯ್ಕೆಯ ಕ್ರಮ ಕ, ಗ, ಚ. ಎರಡನೆಯವರದು ಗ, ಚ, ಕ. ಮೂರನೆಯವರದು ಚ, ಕ, ಗ. ಈಗ ಇಬ್ಬಿಬ್ಬರನ್ನೇ ಎದುರು ನಿಲ್ಲಿಸಿ ಎಣಿಸಬೇಕು. ಕ, ಗ ಇಬ್ಬರಲ್ಲಿ ಕ ಗೆದ್ದ, ಎರಡಕ್ಕೆ ಒಂದು. ಗ, ಚ ಇಬ್ಬರಲ್ಲಿ ಗ ಗೆದ್ದ. ಹಾಗಾದರೆ ಚ ಎದುರು ಕ ಸಲೀಸಾಗಿ ಗೆಲ್ಲಬೇಕು. ಎಣಿಸಿದರೆ ಎರಡಕ್ಕೆ ಒಂದರಿಂದ ಚ ಗೆದ್ದಿದ್ದ!

'ಅಮ್ಮಾ, ಹಾಗಾದ್ರೆ ನಿಜವಾಗಿ ಗೆದ್ದೋರು ಯಾರು?' ಅಂದಳು ಮಗಳು. ಚೀಟಿಗಳನ್ನು ಮತ್ತೆ ಜೋಡಿಸಿ ನೋಡಿದೆ. ಮೂವರ ಮನಸ್ಸಿನಲ್ಲೂ ಗೊಂದಲ ಇರಲಿಲ್ಲ. ಒಟ್ಟು ಸೇರಿಸಿದ ಕೂಡಲೇ ಸುತ್ತು ಬರುತ್ತಿತ್ತು.

ಪರೀಕ್ಷೆಯದು ಬೇರೆಯದೇ ತಯಾರಿ. ಎಷ್ಟೋ ವರ್ಷದಿಂದ ಕೈ ಪೆನ್ನು ಹಿಡಿದು ಉದ್ದಕ್ಕೆ ಬರೆದದ್ದೇ ಇಲ್ಲ. ಇಪ್ಪತ್ತು ನಿಮಿಷಕ್ಕೇ ಹೆಬ್ಬೆರಳು ಸೆಟೆದುಕೊಳ್ಳುತ್ತಿತ್ತು. ದಿನಕ್ಕೊಂದು ಉತ್ತರದಿಂದ ಶುರು ಮಾಡಿ, ರಜೆಯ ದಿನಗಳಲ್ಲಿ ಮೂರು ಗಂಟೆ ಕೂತು ಬರೆಯುವ ಮಟ್ಟಕ್ಕೆ ತಂದುಕೊಂಡೆ. ಉತ್ತರ ಬರೆಯುವ ಮುಂಚೆ ಐದು ನಿಮಿಷ ತೆಗೆದಿಟ್ಟು, ನಾನು ಹೇಳಹೊರಟಿದ್ದನ್ನು ಒಪ್ಪದವರು ಏನನ್ನಬಹುದು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ನನಗೆ ಅಂಕ ತಂದುಕೊಟ್ಟದ್ದು ಹೆಚ್ಚಾಗಿ ಆ ಐದು ನಿಮಿಷವೇ.

ಕೊನೆಯ ಸೆಮಿಸ್ಟರ್‌ಗೆ ಓದುವಾಗ ಹಳೆಯ ಫೈಲಿನಿಂದ ಆ ಮೊದಲ ಅಸೈನ್‌ಮೆಂಟ್ ಹೊರಗೆ ಬಂತು. ಮೂರನೇ ಪುಟ ತೆರೆದೆ. 'ಜನರ ಇಚ್ಛೆ' ಅಂತ ಬರೆದ ನಾಲ್ಕೂ ಕಡೆ, ಮೇಷ್ಟ್ರ ಕೆಂಪು ಶಾಯಿಯ ಕೆಳಗೆ, ಪೆನ್ಸಿಲ್‌ನಲ್ಲಿ ಬರೆದೆ: 'ಯಾವ ವಿಧಾನದಲ್ಲಿ ಎಣಿಸಿದ್ದು?'