ನೋವಿನಲ್ಲಿ ನಾನು ಪ್ರಾರ್ಥಿಸುವ ಕ್ರಮ

ಕಷ್ಟ ಬಂದಾಗ "ದೇವರು ಇದನ್ನು ಯಾಕೆ ಬರಮಾಡಿದ" ಎಂಬಲ್ಲಿಂದ ನಾನು ಶುರುಮಾಡುವುದಿಲ್ಲ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಗೆಳೆಯರು ಎಡವಿದ್ದು ಅಲ್ಲೇ. ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಪಕ್ಕ ಕೂತಿದ್ದವರು, ಬಾಯಿಬಿಟ್ಟು ಕಾರಣ ಹೇಳತೊಡಗಿದರು. ಯೋಬನ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ಅವರ ಮೇಲೆಯೇ.

ನಾನು ಹಿಡಿಯುವುದು ಬೈಬಲಿನ ಪ್ರಾರ್ಥನಾ ಗೀತೆಗಳಾದ ಕೀರ್ತನೆಗಳಲ್ಲಿ 13ನೆಯದನ್ನು. ಆರೇ ವಚನ, ಮೂರು ಭಾಗ. ಮೊದಲೆರಡು ವಚನ ದೂರು. "ಎಷ್ಟರ ತನಕ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನೋಟ್‌ಬುಕ್‌ನಲ್ಲಿ ನಾನೂ ಹಾಗೆಯೇ ನಾಲ್ಕು ಸಾಲು ಬರೆಯುತ್ತೇನೆ. "ಬಹಳ ಸಂಕಟದಲ್ಲಿದ್ದೇನೆ" ಎಂದರೆ ಏನೂ ಹೇಳಿದಂತಾಗದು. "ನಡುರಾತ್ರಿ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ, ಎಷ್ಟರ ತನಕ?" ಎಂಬಷ್ಟು ಸ್ಪಷ್ಟವಾಗಿರಬೇಕು. 3 ಮತ್ತು 4ನೇ ವಚನ ಬೇಡಿಕೆ: ಇವತ್ತಿಗೆ ಬೇಕಾದದ್ದು, ಒಂದೇ. ಕೊನೆಯೆರಡು ಭರವಸೆ.

ಹೆಚ್ಚಿನವರು ಎಡವುವುದು ಆ ಭರವಸೆಗೆ ನೇರ ಜಿಗಿಯುವುದರಲ್ಲಿ. ದೂರಿದರೆ ಅವಿಶ್ವಾಸ ಎಂಬ ಅಂಜಿಕೆ. ಆದರೆ ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲನ್ನೇ: ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ? ಭರವಸೆಯ ಮಾತು ಬಾರದ ದಿನ ನಾನು ಬಲವಂತ ಮಾಡದೆ 88ನೇ ಕೀರ್ತನೆಗೆ ಹೋಗುತ್ತೇನೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಪ್ರಾರ್ಥನೆಯೇ. ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 8:28ನ್ನು, ಎಲ್ಲವೂ ಹಿತಕ್ಕಾಗಿಯೇ ಎಂಬ ಮಾತನ್ನು, ಅಳುವವರ ಮುಂದೆ ಮುಲಾಮಿನಂತೆ ಹಚ್ಚುವವರು ಎರಡು ವಚನ ಹಿಂದಕ್ಕೆ ಹೋಗಿ ಓದಲಿ: ಅಲ್ಲಿ ಪವಿತ್ರಾತ್ಮನೇ ಮಾತಿಗೆ ನಿಲುಕದ ನರಳಾಟದಿಂದ ಬೇಡುತ್ತಾನೆ.

ನಿದ್ದೆ, ಊಟ ಕೆಟ್ಟಿದ್ದರೆ ನೋಟ್‌ಬುಕ್ ಮುಚ್ಚಿಡುತ್ತೇನೆ. ಸಾಯಬೇಕೆಂದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಎರಡು ಸಲ ತಟ್ಟಿ ಎಬ್ಬಿಸಿ ಉಣ್ಣು ಎಂದ. ಸಾವಿನ ಯೋಚನೆ ಬಿಡದಿದ್ದರೆ ವೈದ್ಯರ ಬಳಿ ಅಂದೇ ಹೋಗಬೇಕು.

ಅರ್ಥದ ಪ್ರಶ್ನೆಗೆ ಬರುವುದು ವಾರಗಳಾದ ಮೇಲೆ, ಹಳೆಯ ಪುಟ ತಿರುವುವಾಗ. ಆಗಲೂ "ಯಾಕೆ" ಎಂದು ಕೇಳಿಕೊಳ್ಳುವುದಿಲ್ಲ, "ಇನ್ನು ಯಾರಿಗಾಗಿ" ಎನ್ನುತ್ತೇನೆ. ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 1:4 ಹೇಳುವುದೂ ಇದನ್ನೇ: ನಮಗೆ ಸಿಕ್ಕ ಸಂತೈಕೆಯಿಂದಲೇ ಬೇರೆಯವರನ್ನು ಸಂತೈಸುವುದು. ಮೂರು ಸಲ ಬೇಡಿದರೂ, ಪೌಲ "ಮುಳ್ಳು" ಎಂದು ಕರೆದ ಅವನ ಬಾಧೆ ಹೋಗಲಿಲ್ಲ. ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ಹಾಗಾಗಿ ಪುಟದ ಕೆಳಗೆ ಒಂದೇ ಸಾಲು: ಆಗ ನನಗೆ ನಿಜಕ್ಕೂ ನೆರವಾದದ್ದು ಏನು, ಅದು ಈಗ ಯಾರಿಗೆ ಬೇಕು. ಹೆಸರು ಹೊಳೆಯದಿದ್ದರೆ ಆ ಜಾಗ ಖಾಲಿ ಬಿಡುತ್ತೇನೆ.