ಸ್ಟಾರ್ ಗುರುತಿಲ್ಲದ ರಿಪೋರ್ಟು

ನನ್ನ ಕತ್ತಿನ ಹಿಂದೆ ನಾಲ್ಕೈದು ವರ್ಷದಿಂದ ಕಪ್ಪು ಪಟ್ಟೆಯೊಂದು ಇತ್ತು. ಹಬ್ಬದ ಎಣ್ಣೆ ಸ್ನಾನ ಬಂದರೆ ಸಾಕು, ಅಮ್ಮ ಕಡಲೆಹಿಟ್ಟು ಹಿಡಿದು ತಿಕ್ಕೋಕೆ ನಿಲ್ಲುತ್ತಿದ್ದರು. "ಎಷ್ಟು ಕೊಳೆ ಕೂತಿದೆ ನೋಡೇ!" ಲಿವರಿನಲ್ಲಿ ಕೊಬ್ಬಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದ ಮೇಲೆ ಡಾಕ್ಟರ ಹತ್ತಿರ ಹೋದೆ. ಅವರು ಕತ್ತು ನೋಡಿ, "ಇದು ಕೊಳೆ ಅಲ್ಲಮ್ಮ, ರಕ್ತದ ಶುಗರ್ ಇಳಿಸೋ ಇನ್ಸುಲಿನ್ ಜಾಸ್ತಿ ಇರಬಹುದು" ಎಂದರು. ಖಾಲಿ ಹೊಟ್ಟೆಯ ಶುಗರ್, ಇನ್ಸುಲಿನ್ ಎರಡನ್ನೂ ಒಟ್ಟಿಗೆ ಮಾಡಿಸಿ ಎಂದು ಬರೆದುಕೊಟ್ಟರು.

ಮೊದಲ ಟೆಸ್ಟನ್ನು ನಾನೇ ಕೆಡಿಸಿದೆ. ಬೆಳಿಗ್ಗೆ ಎದ್ದವಳೇ ಅಭ್ಯಾಸಬಲದಿಂದ ಅರ್ಧ ಲೋಟ ಕಾಫಿ ಕುಡಿದಿದ್ದೆ. ಹಾಲು, ಸಕ್ಕರೆ ಎಲ್ಲ ಹಾಕಿದ್ದೇ. ಲ್ಯಾಬಿನ ಹುಡುಗಿ "ಖಾಲಿ ಹೊಟ್ಟೆನಾ ಮೇಡಂ?" ಎಂದಳು. "ಹೂಂ" ಎಂದೆ. ತಿಂಡಿ ತಿಂದಿರಲಿಲ್ಲ, ಅಲ್ವಾ! ಇನ್ಸುಲಿನ್ 41 ಬಂತು. ರಾತ್ರಿಯೆಲ್ಲ ನಿದ್ದೆ ಇಲ್ಲ. ಡಾಕ್ಟರ್ ರಿಪೋರ್ಟ್ ನೋಡಿ ಕೇಳಿದ ಮೊದಲ ಪ್ರಶ್ನೆಯೇ "ಕಾಫಿ ಕುಡಿದ್ರಾ?"

ಹೊಟ್ಟೆಗೆ ಏನಾದರೂ ಬಿದ್ದ ಕೆಲವೇ ನಿಮಿಷದಲ್ಲಿ ಇನ್ಸುಲಿನ್ ಏರುತ್ತದಂತೆ, ಇಳಿಯಲು ಗಂಟೆಗಳು ಬೇಕು. ಟೆಸ್ಟಿಗೆ ಮೊದಲು 8ರಿಂದ 12 ಗಂಟೆ ಕಾಲ ಬರೀ ನೀರು. ಕೂದಲು ಉದುರುತ್ತೆ ಅಂತ ನಾನು ನುಂಗುತ್ತಿದ್ದ ಬಯೋಟಿನ್ ಮಾತ್ರೆಯನ್ನೂ ಕೆಲವು ದಿನ ಮೊದಲೇ ನಿಲ್ಲಿಸಲು ಹೇಳಿದರು. ಕೆಲವು ಮೆಷಿನ್‌ಗಳಲ್ಲಿ ಅದರಿಂದ ಇನ್ಸುಲಿನ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಎರಡನೇ ಸಲ ಶುಗರ್ 96, ಇನ್ಸುಲಿನ್ 18.2. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.6. ಮಿತಿ ಮೀರಿದರೆ ಹಾಕುವ ಸ್ಟಾರ್ ಗುರುತು ಎಲ್ಲೂ ಇಲ್ಲ. ಇನ್ಸುಲಿನ್ ಪಕ್ಕದಲ್ಲಿ ಅಚ್ಚಾಗಿದ್ದ ಮಿತಿ 2.6ರಿಂದ 24.9. ಎಲ್ಲ ನಾರ್ಮಲ್ ಎಂದು ಖುಷಿಯಾಗಿ ಹೋದೆ. ಡಾಕ್ಟರ್ ಮಾತ್ರ ರಿಪೋರ್ಟಿನ ಹಿಂದೆ ಪೆನ್ನಲ್ಲಿ ಒಂದು ಲೆಕ್ಕ ಬರೆದರು. ಶುಗರನ್ನು ಇನ್ಸುಲಿನ್‌ನಿಂದ ಗುಣಿಸು, 405ರಿಂದ ಭಾಗಿಸು. 4.3 ಬಂತು. ಇದಕ್ಕೆ ಹೋಮಾ-ಐಆರ್ ಅಂತಾರೆ, 1985ರಿಂದ ಇರುವ ಲೆಕ್ಕ. ಸಾಮಾನ್ಯವಾಗಿ ಎರಡು, ಎರಡೂವರೆ ದಾಟಿದರೆ ದೇಹ ಇನ್ಸುಲಿನ್ ಮಾತು ಕೇಳುತ್ತಿಲ್ಲ ಎಂದು ನೋಡುತ್ತಾರೆ. ಗಡಿ ಎಲ್ಲ ಕಡೆ ಒಂದೇ ಅಲ್ಲ.

"96 ಶುಗರ್ ಚೆನ್ನಾಗಿಯೇ ಇದೆ. ಆದ್ರೆ ಅಷ್ಟರಲ್ಲಿ ಇಡೋಕೆ ಇನ್ಸುಲಿನ್ ಮಾಡೋ ನಿಮ್ಮ ಮೇದೋಜೀರಕ ಎಷ್ಟು ದುಡೀತಿದೆ ನೋಡಿ" ಎಂದರು. ಆಗ ಅರ್ಥವಾಯಿತು. ಹತ್ತು ವರ್ಷದಿಂದ ಬರೀ ಶುಗರ್ ಮಾಡಿಸಿ "ಏನೂ ಇಲ್ಲ" ಎಂದುಕೊಂಡು ಬರುತ್ತಿದ್ದೆನಲ್ಲ, ಅರ್ಧ ಕಥೆ ಮಾತ್ರ ಓದುತ್ತಿದ್ದೆ. ಹಾಗಂತ ಈ ಟೆಸ್ಟ್ ಒಂದರಿಂದಲೇ ಡಯಾಬಿಟಿಸ್ ಇದೆ, ಇಲ್ಲ ಎಂದು ಹೇಳುವುದಿಲ್ಲ. ಅದಕ್ಕೆ ಶುಗರ್, ಎಚ್‌ಬಿಎ1ಸಿ ಬೇಕೇ ಬೇಕು.

ಇದನ್ನೆಲ್ಲ ಮನೆಯಲ್ಲಿ ಹೇಳಿದ್ದೇ ತಡ, ದೊಡ್ಡಪ್ಪನ ಮಗ ಅಣ್ಣನೂ ಮಾಡಿಸಿಕೊಂಡು ಬಂದ. ಕಡ್ಡಿಯಂತಿರುವ ಆಳು. "ನಂದು ಬರೀ ಆರು ಕಣೇ, ನಿನಗಿಂತ ನಾನೇ ವಾಸಿ!" ರಿಪೋರ್ಟ್ ಕೈಗೆ ತೆಗೆದುಕೊಂಡೆ. ಇನ್ಸುಲಿನ್ 6.1, ಅದೇ ರಕ್ತದಲ್ಲಿ ಶುಗರ್ 148. ನನ್ನ ಲೆಕ್ಕ ಹಾಕಿದರೆ 2.2, ನೋಡಲು ಚೆಂದ. ಆದರೆ ಅಷ್ಟು ಶುಗರ್ ಇದ್ದಾಗ ಇನ್ಸುಲಿನ್ ಮೇಲೇರಬೇಕಿತ್ತು, ಏರಿಲ್ಲ. ಅಂದರೆ ಮೇದೋಜೀರಕ ಸೋಲುತ್ತಿದೆ. ಮಾರನೇ ದಿನವೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಈಗ ಮಾತ್ರೆ ನಡೆಯುತ್ತಿದೆ.

ಲಂಡನ್‌ನಲ್ಲಿರುವ ತಂಗಿಯದು ಬೇರೆ ಗಾಬರಿ, ಅವಳ ಇನ್ಸುಲಿನ್ 70! ಅಲ್ಲಿ ಅಳತೆ ಪಿಕೋಮೋಲ್‌ನಲ್ಲಿ. ನಮ್ಮ ಅಳತೆಗೆ ತರಲು ಸುಮಾರು 6ರಿಂದ ಭಾಗಿಸಬೇಕು.

ನಾನು ಮಾಡಿದ್ದು ದೊಡ್ಡದೇನಲ್ಲ. ದಿನಕ್ಕೆ ನಾಲ್ಕು ಸಲದ ಸಕ್ಕರೆ ಕಾಫಿ ಒಂದಕ್ಕೆ ಇಳಿಯಿತು. ಸಂಜೆಯ ಬೇಕರಿ ಬನ್ನು ಹೋಯಿತು, ಅದಕ್ಕೆ ಸಂಕಟವಾಯಿತು. ಊಟಕ್ಕೆ ಕೂತರೆ ಮೊದಲು ಕೋಸಂಬರಿ, ಕಾಳು ಪಲ್ಯ, ಆಮೇಲೆ ಒಂದೇ ಸೌಟು ಅನ್ನ. ರಾತ್ರಿ ಊಟವಾದ ಮೇಲೆ ಇಪ್ಪತ್ತು ನಿಮಿಷ ನಡಿಗೆ. ನಾಲ್ಕು ತಿಂಗಳಲ್ಲಿ ನಾಲ್ಕು ಕೆಜಿ ಇಳಿದೆ. ಮತ್ತೆ ಅದೇ ಲ್ಯಾಬಿಗೆ ಹೋದೆ, ಏಕೆಂದರೆ ಲ್ಯಾಬ್ ಬದಲಾದರೆ ಇನ್ಸುಲಿನ್ ಸಂಖ್ಯೆಯೂ ಬದಲಾಗುತ್ತದೆ. ಶುಗರ್ 92, ಇನ್ಸುಲಿನ್ 11.4. ಲೆಕ್ಕ 2.6.

ಕತ್ತಿನ ಕಪ್ಪು ಸ್ವಲ್ಪ ತಿಳಿಯಾಗಿದೆ. ಕಡಲೆಹಿಟ್ಟಿನಿಂದ ಅಂತ ಅಮ್ಮ.