ಹಬ್ಬದ ದೀಪಾಲಂಕಾರ: ಬಳ್ಳಾರಿಗೆ ಹೊಸದಾಗಿ ಬಂದ ಮನೆಯವರಿಗೆ

ಬಳ್ಳಾರಿಯಲ್ಲಿ ದೀಪದ ಸರಕ್ಕೆ ಒಂದೇ ಹಬ್ಬ ಎಂಬುದಿಲ್ಲ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ಗಣಪತಿ, ದಸರಾ, ದೀಪಾವಳಿ, ರಾಜ್ಯೋತ್ಸವ ಎಂದು ಶುರುವಾಗಿ ಕ್ರಿಸ್‌ಮಸ್ ನಕ್ಷತ್ರದವರೆಗೆ ಯಾವುದಾದರೊಂದು ಬೀದಿಯಲ್ಲಿ ಸೀರಿಯಲ್ ಸೆಟ್ ಮಿನುಗುತ್ತಲೇ ಇರುತ್ತದೆ. 2024ರಲ್ಲಂತೂ ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ನಡುವೆಯೇ ನವೆಂಬರ್ 1 ಬಂದಿತ್ತು. ಹೀಗಿರುವಾಗ ಹೊಸಬರು ನಮ್ಮ ನಿವಾಸಿಗಳ ಸಂಘದ ಕಚೇರಿಗೆ ಬಂದು ದೀಪದ ವಿಚಾರ ಕೇಳುವುದು ಸಹಜ.

ಮನೆಗೆ ದೀಪ ಹಾಕಲು ಪಾಲಿಕೆಯ ಅನುಮತಿ ಬೇಕೇ ಎಂಬುದು ಮೊದಲ ಪ್ರಶ್ನೆ. ನಿಮ್ಮ ಗೋಡೆಯ ಮೇಲೆ, ನಿಮ್ಮ ಮೀಟರಿನಿಂದ ಕರೆಂಟ್ ತೆಗೆದುಕೊಂಡು ಹಾಕುವ ಸರಕ್ಕೆ ಬೇಡ. ಬಾಡಿಗೆ ಮನೆಯಾದರೆ ಗೋಡೆಗೆ ಮೊಳೆ ಹೊಡೆಯುವ ಮುನ್ನ ಮಾಲೀಕರಿಗೆ ಒಂದು ಮಾತು ಹೇಳಿ. ತೋರಣಗಲ್ಲಿನಂತಹ ಕಡೆ ಕಾರ್ಖಾನೆಯ ವಸತಿ ಬಡಾವಣೆಯಲ್ಲಿ ಇರುವವರು ಅಲ್ಲಿನ ಕಚೇರಿಯಲ್ಲಿ ವಿಚಾರಿಸಿ, ಏಕೆಂದರೆ ಮನೆ ಕಂಪನಿಯದು.

ಸರ ಕಾಂಪೌಂಡ್ ದಾಟಿತೆಂದರೆ ಲೆಕ್ಕ ಬೇರೆಯಾಗುತ್ತದೆ. ಎದುರು ಮನೆಯ ಮಾಳಿಗೆಗೆ ರಸ್ತೆಯ ಮೇಲಿಂದ ತಂತಿ ಎಳೆಯುವುದು, ಬೀದಿಯ ಮರಕ್ಕೆ ಸುತ್ತುವುದು, ದಾರಿಗೆ ಅಡ್ಡವಾಗಿ ಕಮಾನು ನಿಲ್ಲಿಸುವುದು ಇವೆಲ್ಲ ಮಹಾನಗರ ಪಾಲಿಕೆಯನ್ನೂ ಪೊಲೀಸರನ್ನೂ ಕೇಳಿ ಮಾಡಬೇಕಾದ ಕೆಲಸ. ಬೀದಿಯವರೆಲ್ಲ ಸೇರಿ ಪೆಂಡಾಲ್ ಹಾಕುವುದಾದರೆ ಇಲ್ಲಿಗೆ ವಿದ್ಯುತ್ ಪೂರೈಸುವ ಕಂಪನಿಯಾದ ಜೆಸ್ಕಾಂ ಕಚೇರಿಯಲ್ಲಿ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಕೊಡಿ. ಯಾರದೋ ಮನೆಯ ಮೀಟರಿನ ಮೇಲೆ ಇಡೀ ಬೀದಿಯ ಭಾರ ಹೊರಿಸಿದರೆ ಮೊದಲು ಫ್ಯೂಸ್ ಹೋಗುತ್ತದೆ, ಆಮೇಲೆ ನೆರೆಹೊರೆಯ ಸ್ನೇಹ.

ವಿದ್ಯುತ್ ಕಂಬಕ್ಕಂತೂ ಏನನ್ನೂ ಕಟ್ಟಬೇಡಿ, ಹಗ್ಗವನ್ನೂ ಸಹ. ಕಂಬದ ತಂತಿಗೆ ಕೊಕ್ಕೆ ಹಾಕುವುದು 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಕಳವು. ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ‘ಹಬ್ಬದ ಮೂರು ದಿನ ಯಾರು ಕೇಳುತ್ತಾರೆ’ ಎನ್ನುವವರು ಪ್ರತಿ ಬೀದಿಯಲ್ಲೂ ಒಬ್ಬರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಬ್ರೂಸ್‌ಪೇಟೆ, ಕೌಲ್ ಬಜಾರಿನಂತಹ ಹಳೆಯ ಇಕ್ಕಟ್ಟಿನ ಬೀದಿಗಳಲ್ಲಿ ಮಾಳಿಗೆಯ ಅಂಚಿಗೂ ತಂತಿಗೂ ಇರುವ ಅಂತರವನ್ನು ಮೊದಲು ಕಣ್ಣಳತೆಯಲ್ಲಿ ನೋಡಿ. ಸಾಮಾನ್ಯ ಮನೆಬಳಕೆಯ ಲೈನು ಕಟ್ಟಡದಿಂದ ಅಡ್ಡಕ್ಕೆ 1.2 ಮೀಟರ್, ಮೇಲಕ್ಕೆ 2.5 ಮೀಟರ್ ದೂರವಿರಬೇಕೆಂಬುದು ನಿಯಮ, 11 ಕೆ.ವಿ. ಲೈನಾದರೆ ಮೇಲಕ್ಕೆ 3.7 ಮೀಟರ್. ಅಷ್ಟು ದೂರವಿಲ್ಲ ಎನಿಸಿದರೆ ಆ ಬದಿಗೆ ಅಲಂಕಾರವೇ ಬೇಡ. ಜೆಸ್ಕಾಂನ ಸಹಾಯವಾಣಿ 1912ಕ್ಕೆ ಕರೆ ಮಾಡಿ ತಿಳಿಸಿ. ಅಂದಹಾಗೆ, ಬೀದಿದೀಪ ಕೆಟ್ಟರೆ ದೂರು ಕೊಡಬೇಕಾದದ್ದು ಪಾಲಿಕೆಗೆ. ಹೊಸಬರು ಜೆಸ್ಕಾಂಗೆ ಫೋನ್ ಮಾಡಿ ಸುಮ್ಮನೆ ಬೇಸರ ಮಾಡಿಕೊಳ್ಳುತ್ತಾರೆ.

ನಿಜವಾದ ಅಪಾಯ ನಿಯಮ ಪುಸ್ತಕದಲ್ಲಿಲ್ಲ, ನಿಮ್ಮ ಬಾಗಿಲಲ್ಲೇ ಇದೆ. ಅಗ್ಗದ ಸೀರಿಯಲ್ ಸೆಟ್‌ನ ಪ್ಲಗ್ ಎರಡನೇ ವರ್ಷಕ್ಕೇ ಕಿತ್ತು ಬರುತ್ತದೆ. ಆಗ ಎರಡು ತಂತಿಗಳ ತುದಿ ಸುಲಿದು, ಸಾಕೆಟ್ಟಿನ ತೂತಿಗೆ ತುರುಕಿ, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸುತ್ತಾರೆ. ಸರ ಹಾದುಹೋಗುವುದು ಕಬ್ಬಿಣದ ಗ್ರಿಲ್ ಅಥವಾ ಗೇಟಿನ ಮೇಲೆ. ಅದೇ ಗೇಟಿಗೆ ಬಾಳೆಕಂಬ, ಮಾವಿನ ತೋರಣ. ಬೆಳಗಾದರೆ ಅಂಗಳಕ್ಕೆ ನೀರು ಹಾಕಿ, ಬರಿಗಾಲಲ್ಲಿ ಕುಳಿತು ರಂಗೋಲಿ ಬಿಡಿಸುವವರ ಕೈ ಆ ಗೇಟನ್ನೇ ಹಿಡಿಯುತ್ತದೆ. ಸರದಲ್ಲಿ ಒಂದೆಡೆ ತಂತಿಯ ಮೇಲಿನ ಪ್ಲಾಸ್ಟಿಕ್ ಬಿರಿದಿದ್ದರೂ ಸಾಕು. ಎಲ್‌ಇಡಿ ಎಂದಾಕ್ಷಣ ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆ ಬೇಡ. ನೇರ ಪ್ಲಗ್ಗಿಗೆ ಹಾಕುವ ಅಗ್ಗದ ಸರಗಳಲ್ಲಿ ಹರಿಯುವುದು ಮನೆಯ 230 ವೋಲ್ಟ್ ಕರೆಂಟೇ. ಸ್ವಲ್ಪ ಹೆಚ್ಚು ಬೆಲೆಯಾದರೂ ಅಡಾಪ್ಟರ್ ಇರುವ 12 ಅಥವಾ 24 ವೋಲ್ಟ್ ಸರ, ಅದರಲ್ಲೂ ಬಿಐಎಸ್ ಗುರುತು ಇರುವುದನ್ನು ಕೊಳ್ಳಿ. ಸರವನ್ನು ಕಬ್ಬಿಣಕ್ಕೆ ತಾಗಿಸದೆ ಕೊಕ್ಕೆಯಿಂದ ಇಳಿಬಿಡಿ, ಜೋಡಣೆಗಳನ್ನು ಮಳೆ ತಾಗದ ಕಡೆ ಇರಿಸಿ. ದೀಪಾವಳಿ ಹೊತ್ತಿಗೆ ಇಲ್ಲಿ ಹಿಂಗಾರು ಮಳೆ ಹೇಳದೆ ಕೇಳದೆ ಬರುತ್ತದೆ. ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಲೈನು ಕಡಿಯುವ ಸ್ವಿಚ್ಚು) ಇದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಎಂಸಿಬಿ ಬೇರೆ, ಇದು ಬೇರೆ. ಎಂಸಿಬಿ ತಂತಿಯನ್ನು ಕಾಯುತ್ತದೆ, ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ.

ಇನ್ನು ಬಿಲ್ಲು. 2023ರಿಂದ ಗೃಹಜ್ಯೋತಿ ಇರುವುದರಿಂದ ಕರೆಂಟ್ ಪುಕ್ಕಟೆ ಎಂದು ತಿಳಿದು ಬಹಳ ಜನ ಏಮಾರುತ್ತಾರೆ. ಉಚಿತ ಯೂನಿಟ್ ಪ್ರತಿ ಮನೆಗೂ ಬೇರೆ ಬೇರೆ. 2022–23ರ ಸರಾಸರಿ ಬಳಕೆಯ ಮೇಲೆ ಅದನ್ನು ನಿಗದಿ ಮಾಡಿದ್ದಾರೆ. ಅದನ್ನು ಮೀರಿದಷ್ಟಕ್ಕೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ದಾಟಿದರೆ ಇಡೀ ಬಿಲ್ಲೇ ನಿಮ್ಮದು. ಡೆಕೊರೇಷನ್ ಅಂಗಡಿಯಿಂದ ಬಾಡಿಗೆಗೆ ತರುವ ಬಣ್ಣದ ಝೀರೋ ಬಲ್ಬ್ ಹೆಸರಿಗಷ್ಟೇ ಸೊನ್ನೆ, ಒಂದೊಂದೂ ಸುಮಾರು 15 ವ್ಯಾಟ್ ನುಂಗುತ್ತದೆ. ಅಂತಹ 50 ಬಲ್ಬು ದಿನಕ್ಕೆ ಆರು ಗಂಟೆ ಉರಿದರೆ ನಾಲ್ಕೂವರೆ ಯೂನಿಟ್, ಹತ್ತು ದಿನಕ್ಕೆ 45. ತಿಂಗಳಿಗೆ 160 ಯೂನಿಟ್ ಬಳಸುವ ಮನೆ ಅಲ್ಲಿಗೆ 205ಕ್ಕೆ ಬಂತು. ತಲಾ 6 ವ್ಯಾಟಿನ ಹತ್ತು ಎಲ್‌ಇಡಿ ಸರಗಳಾದರೆ ಅಷ್ಟೇ ಹೊತ್ತಿಗೆ ನಾಲ್ಕು ಯೂನಿಟ್ ಕೂಡ ಆಗುವುದಿಲ್ಲ. ಹೊಸ ಬಾಡಿಗೆದಾರರು ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆ, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆ ನೋಡಿಕೊಂಡು, ಗೃಹಜ್ಯೋತಿಗಾಗಿ ಮೊದಲಿದ್ದವರು ಮಾಡಿಸಿದ್ದ ಆಧಾರ್ ಜೋಡಣೆ ತೆಗೆಸಿದ್ದಾರೆಯೇ, ನಿಮ್ಮದು ಹಳೆಯ ಮನೆಯಲ್ಲಿ ಉಳಿದಿದೆಯೇ ಎಂಬುದನ್ನು ಹಬ್ಬಕ್ಕೆ ಮುಂಚೆಯೇ ಸರಿಮಾಡಿಸಿಕೊಳ್ಳಿ.

ಹೊರಗಿನ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು. ದೀಪ ಆರಿಸಲು ಅಂತಹ ಗಡುವಿಲ್ಲ, ಆದರೆ ಎದುರು ಮನೆಯ ಮಲಗುವ ಕೋಣೆಗೆ ಪಕಪಕ ಬಡಿಯುವ ಬೆಳಕನ್ನು ಊಟದ ಹೊತ್ತಿನ ನಂತರ ನೀವಾಗಿಯೇ ಆರಿಸಿ. ಹಿರಿಯರಿರುವ, ಹಸುಗೂಸಿರುವ ಮನೆಯವರು ಹೇಳಲಾರದೆ ಕಿಟಕಿಗೆ ಚಾದರ ಕಟ್ಟಿಕೊಳ್ಳುತ್ತಾರೆ. ಕಾಗದದ ಆಕಾಶಬುಟ್ಟಿ ಹಾಕಿದ್ದರೆ ಮಕ್ಕಳು ಪಟಾಕಿ ಹಚ್ಚುವ ಜಾಗ ಅದರಿಂದ ದೂರವಿರಲಿ.

ತುಳಸಿ ಹಬ್ಬ ಮುಗಿದ ಮೇಲೆ ಸರ ಇಳಿಸಿ, ಗಣಿ ದೂಳು ಒರೆಸಿ, ರಟ್ಟಿಗೆ ಸುತ್ತಿ ಒಳಗಿಡಿ. ಮಾಳಿಗೆಯ ಮೇಲೆಯೇ ಬಿಟ್ಟರೆ ನಮ್ಮ ಏಪ್ರಿಲ್ ಬಿಸಿಲಿಗೆ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ. ಏರಿ ಇಳಿಯಲು ಸಂಘದ ಮರದ ಏಣಿ ಇದೆ, ಹೆಸರು ಬರೆಸಿ ಒಯ್ಯಿರಿ. ಅಲ್ಯೂಮಿನಿಯಂ ಏಣಿಯೂ ಇದೆ, ಆದರೆ ದೀಪ ಕಟ್ಟುವವರಿಗೆ ಅದನ್ನು ಕೊಡುವುದಿಲ್ಲ.